ಮೊದಲು ಬಿಸಿನೀರು

ಹೊನ್ನಾಳಿಯ ಆ ಬೀದಿಯ ಮಕ್ಕಳು ಕಸ್ತೂರಮ್ಮನ ಮನೆ ಮುಂದೆ ಬಂದಾಗ ಓಡುತ್ತಿದ್ದವು. ಕೈಗೆ ಸಿಕ್ಕಿದವನ ಕಿವಿಯ ಹಿಂದೆ ಬೆರಳಾಡಿಸಿ, ಇಲ್ಲಿ ಮೆಕ್ಕೆಜೋಳ ಬಿತ್ತಬಹುದಲ್ಲೋ ಎಂದು ಎಲ್ಲರೆದುರು ಮಾನ ಕಳೆಯುತ್ತಿದ್ದಳು. ಅಷ್ಟಕ್ಕೇ ಬಿಡದೆ ಅವನ ತಾಯಿಯನ್ನೂ ಕರೆದು ಪಾಠ ಮಾಡುತ್ತಿದ್ದಳು.

ಮೈ ಒದ್ದೆ ಮಾಡಿಕೊಂಡು ಬಂದರೆ ಅದು ಸ್ನಾನವಲ್ಲ ಎನ್ನುವುದು ಅವಳ ಮಾತು. ನೆತ್ತಿಗೆ ಹರಳೆಣ್ಣೆ ತಟ್ಟಿ, ಕೀಲುಕೀಲಿಗೂ ಉಜ್ಜಿ, ಅದು ಮೈಗಿಳಿಯುವ ತನಕ ಎಳೆಬಿಸಿಲಲ್ಲಿ ಕೂರಬೇಕು. ಆಮೇಲೆ ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು. ಕತ್ತಿನ ಮಡಿಕೆ, ಬೆರಳ ಸಂದಿ, ಹಿಮ್ಮಡಿ, ಯಾವುದನ್ನೂ ಬಿಡುವಂತಿಲ್ಲ. ಬೆನ್ನನ್ನಂತೂ ಇನ್ನೊಬ್ಬರೇ ತಿಕ್ಕಬೇಕು, ಇಲ್ಲದಿದ್ದರೆ ಅದು ಅರ್ಧ ಸ್ನಾನ. ಇದೆಲ್ಲಕ್ಕಿಂತ ಮೊದಲು ನೀರು ಬೆರೆಸುವ ಕ್ರಮ: ಬಕೆಟ್ಟಿಗೆ ಬಿಸಿನೀರು ಹಾಕಿ, ಅದಕ್ಕೆ ತಣ್ಣೀರು ಸೇರಿಸಬೇಕು. ತಣ್ಣೀರು ಮೊದಲು ಹಾಕಿ ಮೇಲೆ ಬಿಸಿನೀರು ಸುರಿಯುವುದು ಹೆಣಕ್ಕೆ ಎರೆಯುವಾಗ ಮಾತ್ರ.

ತಮಾಷೆಯೆಂದರೆ, ಇಷ್ಟೆಲ್ಲ ನೇಮವನ್ನು ಅವಳು ಕಲಿತದ್ದು ನೀರೇ ಇಲ್ಲದ ಕಡೆ. ಅವಳ ತವರು ಜಗಳೂರು ಸೀಮೆಯ ಬಿಳಿಚೋಡು. ಅವಳ ಅವ್ವ ಮಗಳನ್ನು ಅಗಲವಾದ ಬೋಗುಣಿಯಲ್ಲಿ ಕೂರಿಸಿ ಎರೆಯುತ್ತಿದ್ದಳು. ಮೈಮೇಲಿಂದ ಇಳಿದ ನೀರು ಹಿತ್ತಿಲ ಅವರೆ ಬಳ್ಳಿಗೆ ಹೋಗಬೇಕಿತ್ತು. ಒಂದೇ ಕೊಡ ನೀರಲ್ಲಿ ನೆತ್ತಿಯಿಂದ ಪಾದದವರೆಗೆ ಲಕಲಕ ಅನ್ನಿಸುವ ಕೈ ಅದು. ಮದುವೆಯಾಗಿ ಹೊನ್ನಾಳಿಗೆ ಬಂದ ಕಸ್ತೂರಮ್ಮ ತುಂಗಭದ್ರೆಯನ್ನು ನೋಡಿ, ಈ ಊರಿನವರು ದಿನವಿಡೀ ಯಾಕೆ ಸ್ನಾನ ಮಾಡುತ್ತಾ ಕೂರುವುದಿಲ್ಲ ಎಂದು ಕೇಳಿದ್ದಳಂತೆ. ಗಂಡ ಷಣ್ಮುಖಪ್ಪ ಇಂದಿಗೂ ಅದನ್ನು ಹೇಳಿ ನಗುತ್ತಾನೆ.

ಅವಳಿಗೆ ಒಬ್ಬನೇ ಮಗ, ಬಸವರಾಜ. ಹೆಣ್ಣುಮಗು ಬೇಕೆಂಬ ಆಸೆ ಹಾಗೇ ಉಳಿದಿತ್ತು. ಸೊಸೆಯಾಗಿ ಮೇಘಶ್ರೀ ಬಂದಾಗ, ಇನ್ನು ಎಣ್ಣೆ ಹಚ್ಚಿ ಎರೆಯಲು ಒಂದು ತಲೆ ಸಿಕ್ಕಿತು ಎಂದು ಹಿಗ್ಗಿದಳು. ಆದರೆ ಎರಡನೇ ಕ್ಲಾಸಿನಲ್ಲಿರುವಾಗಲೇ ತಾಯಿಯನ್ನು ಕಳೆದುಕೊಂಡು ಹಾಸ್ಟೆಲುಗಳಲ್ಲಿ ಬೆಳೆದ ಹುಡುಗಿ ಅದು. ನ್ಯಾಮತಿಯ ಶಾಲೆಯೊಂದರಲ್ಲಿ ಟೀಚರು. ಬೆಳಗಿನ ಬಸ್ಸು ತಪ್ಪೀತೆಂದು ಬಚ್ಚಲಿಗೆ ಹೋದದ್ದೇ ತಡ, ಹೊರಗೆ ಬಂದಿರುತ್ತಿದ್ದಳು. ಕಸ್ತೂರಮ್ಮ ಅದನ್ನು ಕಾಗೆಸ್ನಾನ ಎಂದು ಆಡಿಕೊಂಡರೆ ಸುಮ್ಮನೆ ನಗುತ್ತಿದ್ದಳು. ಎಷ್ಟು ಕರೆದರೂ ಅತ್ತೆಯ ಕೈಗೆ ತಲೆ ಕೊಟ್ಟು ಮಣೆಯ ಮೇಲೆ ಕೂರಲಿಲ್ಲ.

ಹೋದ ವರ್ಷ ಕಸ್ತೂರಮ್ಮ ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಕೈಗೆ ಪಟ್ಟಿ ಬಿತ್ತು. ಆ ಶನಿವಾರ, ನಾನೇ ಎರೆಯುತ್ತೇನೆ ಎಂದು ಮೇಘಶ್ರೀ ತಾನಾಗಿ ಮುಂದೆ ಬಂದಳು. ಕಸ್ತೂರಮ್ಮನಿಗೆ ಕೈ ಮುರಿದದ್ದೇ ಒಳ್ಳೆಯದಾಯಿತು ಅನ್ನಿಸಿತು. ಹುಡುಗಿ ಪಟ್ಟಿಗೆ ಪ್ಲಾಸ್ಟಿಕ್ ಸುತ್ತಿ, ನೋಯದ ಹಾಗೆ ಎಣ್ಣೆ ಹಚ್ಚಿ, ಮಣೆಯ ಮೇಲೆ ಕೂರಿಸಿದಳು. ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು ಅರ್ಧ ತಣ್ಣೀರು ತುಂಬಿದಳು. ಆಮೇಲೆ ಹಂಡೆಯಿಂದ ಬಿಸಿನೀರು ಮೊಗೆದು ಅದಕ್ಕೆ ಸುರಿದಳು.

ಕಸ್ತೂರಮ್ಮ ಎಡಗೈ ಚಾಚಿ ಬಕೆಟ್ಟನ್ನು ತಡೆದಳು.

"ನಾನಿನ್ನೂ ಸತ್ತಿಲ್ಲ ಕಣೇ. ಹೆಣಕ್ಕೆ ಬೆರೆಸಿದಂಗೆ ಬೆರೆಸ್ತೀಯಲ್ಲ, ಯಾರು ನಿಂಗೆ ಹಿಂಗೆ ಕಲಿಸಿದ್ದು?"

ಮೇಘಶ್ರೀಯ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. "ಯಾರೂ ಕಲಿಸಿಲ್ಲ ಅತ್ತೆ. ಹಾಸ್ಟೆಲ್ನಾಗೆ ಬರೀ ನಲ್ಲಿ ನೀರು. ನೀರು ಬೆರೆಸೋದನ್ನ ನಾನು ನೋಡಿದ್ದು ಒಂದೇ ಸಲ, ನಮ್ಮವ್ವ ತೀರಿಕೊಂಡಾಗ. ಹೆಂಗಸರೆಲ್ಲ ಸೇರಿ ಎಷ್ಟು ನಿಧಾನಕ್ಕೆ ಎರೆದ್ರು. ಎರೆಯೋದು ಅಂದ್ರೆ ಹಿಂಗೇ ಅಂತ ಅನ್ಕಂಡಿದ್ದೆ."

ಅಷ್ಟು ಹೇಳಿ ಆ ನೀರನ್ನು ಚೆಲ್ಲಿದಳು. ಮೊದಲು ಬಿಸಿನೀರು ಹಾಕಿ ತಣ್ಣೀರು ಬೆರೆಸಿದಳು. ಬೆನ್ನನ್ನೂ ಬಿಡದೆ ತಿಕ್ಕಿ, ಎರೆದು ಮುಗಿಸಿದಳು. ಕಸ್ತೂರಮ್ಮ ಆಗಲೇ ತಪ್ಪಾಯ್ತು ಕಣಮ್ಮ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಬೀದಿಗೆಲ್ಲ ಬುದ್ಧಿ ಹೇಳುವ ನಾಲಿಗೆ ಆ ಹೊತ್ತಿಗೆ ಸತ್ತು ಬಿದ್ದಿತ್ತು.

ಮುಂದಿನ ಶನಿವಾರದೊಳಗೆ ಬಸವರಾಜ ಗೀಸರು, ಶವರು ಹಾಕಿಸಿದ. ಅಮ್ಮನಿಗೆ ಅನುಕೂಲವಾಗುತ್ತದೆ ಎಂದು ಮೇಘಶ್ರೀಯೇ ಹೇಳಿದ್ದಳಂತೆ. ಸುಳ್ಳೇಕೆ, ಶವರು ಚೆನ್ನಾಗಿಯೇ ಇತ್ತು. ಸ್ಟೂಲಿನ ಮೇಲೆ ಕೂತರೆ ಹದವಾದ ನೀರು ತಾನಾಗಿ ನೆತ್ತಿಗೆ ಬೀಳುತ್ತದೆ. ತಣ್ಣೀರು, ಬಿಸಿನೀರು ಗೋಡೆಯೊಳಗೇ ಬೆರೆತು ಬರುವುದರಿಂದ ಯಾವುದಕ್ಕೆ ಯಾವುದು ಸೇರಿತೆಂದು ಯಾರೂ ಕೇಳಬೇಕಾಗಿಲ್ಲ. ಸೊಸೆ ಹದ ನೋಡಿ ತಿರುಗಿಸಿಟ್ಟು ಹೋಗುತ್ತಿದ್ದಳು. ಊಟ, ಮಾತ್ರೆ, ಮಾತು, ಯಾವುದರಲ್ಲೂ ಕಡಿಮೆ ಮಾಡಲಿಲ್ಲ. ಬಚ್ಚಲೊಳಗೆ ಮಾತ್ರ ನಿಲ್ಲುತ್ತಿರಲಿಲ್ಲ.

ಅವಳು ಅದನ್ನೆಲ್ಲ ಮರೆತಿರುತ್ತಾಳೆ ಬಿಡು ಎಂದ ಷಣ್ಮುಖಪ್ಪ. ಕಸ್ತೂರಮ್ಮನಿಗೆ ಸಮಾಧಾನವಾಗಲಿಲ್ಲ. ತಾಯಿಯದೆಂದು ಆ ಹುಡುಗಿಯ ಬಳಿ ಇದ್ದದ್ದೇ ಒಂದು ನೆನಪು. ಅದನ್ನು ಹೆಣದ ನೀರು ಮಾಡಿದವಳು ನಾನು ಎಂದು ಒಳಗೊಳಗೇ ಬೇಯುತ್ತಿದ್ದಳು.

ಪಟ್ಟಿ ಬಿಚ್ಚಿದ ಮೇಲೆ ಒಂದು ಶನಿವಾರ ತಾನೇ ಹಂಡೆಗೆ ಉರಿ ಹಾಕಿದಳು. ಅಟ್ಟ ಸೇರಿದ್ದ ಹಳೆಯ ಬಕೆಟ್ಟು ತೆಗೆದು ಮೊದಲು ತಣ್ಣೀರು ತುಂಬಿದಳು, ಮೇಲೆ ಬಿಸಿನೀರು ಸುರಿದಳು. ಜೀವಮಾನದಲ್ಲಿ ತನ್ನ ಮೈಗೆಂದು ಹಾಗೆ ಬೆರೆಸಿದ್ದು ಅದೇ ಮೊದಲು. ಈ ನೀರನ್ನು ನಾನು ಹೊಯ್ದುಕೊಂಡರೆ ಹುಡುಗಿಗೆ ಅರ್ಥವಾದೀತು ಎಂದುಕೊಂಡು ಮಣೆಯ ಮೇಲೆ ಕೂತಳು.

"ಮೇಘಾ, ಬೆನ್ನು ತಿಕ್ಕಾಕೆ ಬಾರಮ್ಮ. ನಿನ್ನಂಗೇ ಬೆರೆಸೀನಿ ನೋಡು. ಇದನ್ನೇ ಎರಿ."

ಮೇಘಶ್ರೀ ಬಾಗಿಲಲ್ಲಿ ನಿಂತು ಬಕೆಟ್ಟನ್ನೇ ನೋಡಿದಳು.

"ಬೇಡ ಅತ್ತೆ. ಅದು ಎಂಥ ನೀರು ಅಂತ ಆವತ್ತು ನೀವೇ ಹೇಳಿದ್ರಲ್ಲ. ಅಲ್ಲಿತನಕ ನಂಗೆ ಗೊತ್ತಿರಲಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಸ್ತೂರಮ್ಮ ತಡೆದುಕೊಳ್ಳುತ್ತಿದ್ದಳು. ಹುಡುಗಿ ಬಕೆಟ್ಟನ್ನು ಬಚ್ಚಲಿಗೆ ಬಗ್ಗಿಸಿದಳು. ಅತ್ತೆಯನ್ನು ಎಬ್ಬಿಸಿ ಸ್ಟೂಲಿನ ಮೇಲೆ ಕೂರಿಸಿ, ಶವರು ತಿರುಗಿಸಿ, ಮುಂಗೈ ಒಡ್ಡಿ ಹದ ನೋಡಿ, ಈಗ ಸರಿಯಾಗಿದೆ ಎಂದು ಹೇಳಿ ಬಾಗಿಲೆಳೆದುಕೊಂಡು ಹೋದಳು.

ನೆತ್ತಿಯ ಮೇಲೆ ನೀರು ಬೀಳತೊಡಗಿತು. ಕಸ್ತೂರಮ್ಮ ಕಡಲೆಹಿಟ್ಟು ಹಿಡಿದು ಕೈಯನ್ನು ಬೆನ್ನ ಹಿಂದಕ್ಕೆ ಒಯ್ದಳು. ಮುರಿದು ಕೂಡಿಕೊಂಡ ಕೈ ಹೆಗಲಿನವರೆಗೆ ಹೋಯಿತು, ಅದರಿಂದಾಚೆಗೆ ಹೋಗಲಿಲ್ಲ.