ಲಂಡನ್ನಿನಲ್ಲಿ ಚೆಲ್ಲಿದ ಚರಗ

ಲಂಡನ್ನಿನಲ್ಲಿ ಚಳಿಗಾಲದ ಒಂದು ಟರ್ಮು ಓದಿದೆ. ಮುಂದಿನ ಟರ್ಮಿಗೆ ವಿದ್ಯಾರ್ಥಿವೇತನ ಸಿಗಲಿಲ್ಲ. ನಮ್ಮೂರು ರೋಣಕ್ಕೆ ಬಂದು ಹೈಸ್ಕೂಲಿನಲ್ಲಿ ಮಾಸ್ತರನಾದೆ. ಲಂಡನ್ನಿನಲ್ಲಿ ಕೇಳಿದ ಪಾಠಗಳಲ್ಲಿ ಒಂದೂ ಈಗ ಪೂರ್ತಿ ನೆನಪಿಲ್ಲ. ಪ್ರೊಫೆಸರರ ಮುಖ ನೆನೆಯಲು ಹೋದರೆ ಧಾರವಾಡದ ಕಾಲೇಜಿನ ಯಾರೋ ಬಂದು ನಿಲ್ಲುತ್ತಾರೆ. ಒಂದು ಸಂಗತಿ ಮಾತ್ರ ಗಟ್ಟಿಯಾಗಿ ನನ್ನದು ಎಂದುಕೊಂಡಿದ್ದೆ.

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ದಿನ ನಮ್ಮಲ್ಲಿ ಹೊಲಕ್ಕೆ ಬುತ್ತಿ ಒಯ್ದು, ಉಣ್ಣುವ ಮೊದಲು ಬೆಳೆದು ನಿಂತ ಜೋಳದ ಸುತ್ತ ಅಡಿಗೆಯನ್ನು ಎರಚುತ್ತಾರೆ. ಅದೇ ಚರಗ. ಭೂಮಿ ಬಸುರಿ, ಅವಳ ಬಯಕೆ ತೀರಬೇಕು ಎಂಬ ನಂಬಿಕೆ. ನನಗೆ ಆ ನಂಬಿಕೆ ಕಾಲೇಜಿನಲ್ಲೇ ಹೋಗಿತ್ತು. ಆದರೂ ಲಂಡನ್ನಿನಲ್ಲಿ ಆ ದಿನ ಅನ್ನ ಬೇಯಿಸಿ, ಹಾಲು ಕಲಸಿ, ನಾನೂ ಒಬ್ಬ ಗೆಳೆಯನೂ ಇದ್ದ ಮನೆಯ ಹಿತ್ತಲಲ್ಲಿ ಎಲೆಕೋಸಿನ ಮಡಿಯ ಸುತ್ತ ಚೆಲ್ಲಿದೆ. ಚಳಿಗೆ ಬೆರಳು ಸೆಟೆದಿದ್ದವು. ಪಾರಿವಾಳಗಳು ಇಳಿದವು.

ಊರಿಗೆ ಬಂದು ಇದನ್ನು ಅವ್ವನಿಗೆ ಹೇಳಿದೆ. ಅವಳು ಓಣಿಗೆಲ್ಲ ಹೇಳಿದಳು. ಅದುವರೆಗೆ ಹೊಲ ಮಾಡುವ ತಮ್ಮನೇ ಚರಗ ಚೆಲ್ಲುತ್ತಿದ್ದ. ಆ ವರ್ಷದಿಂದ ಚರಗದ ಬುಟ್ಟಿ ನನ್ನ ಕೈಗೆ ಬಂತು. ಬೆಳವಣಕಿ ದಾರಿಯ ನಮ್ಮ ಹೊಲದಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ, ಬೇರೆ ಜಾಗವೂ ಇರಲಿಲ್ಲ.

ಮೊನ್ನೆ ದೀಪಾವಳಿಗೆ, ಲಂಡನ್ನಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಗಜೇಂದ್ರಗಡದ ಗೆಳೆಯ ಬಂದಿದ್ದ. ಉಣ್ಣುವಾಗ ಅವ್ವ ಅದೇ ಸುದ್ದಿ ತೆಗೆದಳು. ಅವನು ನಕ್ಕ.

“ಅವತ್ತ ಇವ ಜ್ವರ ಬಂದು ಹೊದ್ಕೊಂಡು ಮಲಗಿದ್ದರಿ, ಅವ್ವಾರ. ಚೆಲ್ಲಿದಾವ ನಾನು. ಆಮ್ಯಾಲ ಎದ್ದು ಮ್ಯಾಲಿನ ಕಿಡಕ್ಯಾಗ ನಿಂತು ಸಾಹೇಬನಂಗ ಕೈ ಮಾಡಿ ತೋರಸ್ತಿದ್ದ, ಆ ಕಡೆ ಚೆಲ್ಲು, ಈ ಕಡೆ ಚೆಲ್ಲು ಅಂತ.”

ಅವನು ಸುಳ್ಳು ಹೇಳುವವನಲ್ಲ. ನೆನಪು ಮಾಡಿಕೊಂಡೆ. ಎಲೆಕೋಸಿನ ಸಾಲುಗಳು ಮೇಲಿನಿಂದ ನೋಡಿದ ಹಾಗೆ ಕಂಡವು. ಆದರೆ ನೆಲ ನಮ್ಮ ಎರಿಹೊಲದಷ್ಟು ಕಪ್ಪಗಿತ್ತು. ಅಂಥ ನೆಲ ಲಂಡನ್ನಿನಲ್ಲಿತ್ತೇ?

“ಖರೇನೇನೋ?” ಅವ್ವ ಕೇಳಿದಳು.

“ಗೊತ್ತಿಲ್ಲಬೇ.”

“ನೀ ಮಾಡಿದ್ದು ನಿನಗ ಗೊತ್ತಿಲ್ಲಂದ್ರ, ನಾ ಇನ್ನ ಯಾರನ್ನ ಕೇಳ್ಲಿ?”

ನಾನೇ ಚೆಲ್ಲಿದೆ ಎಂದಿದ್ದರೆ ನಂಬುತ್ತಿದ್ದಳು. ಹಾಗೆನ್ನಲು ಬಾಯಿ ಬರಲಿಲ್ಲ.

ಈ ಎಳ್ಳಮಾಸಿಗೂ ಹೊಲಕ್ಕೆ ಹೋದೆವು. ಅವ್ವ ಬುಟ್ಟಿಯನ್ನು ತಮ್ಮನಿಗೆ ಕೊಟ್ಟಳು. ಸಿಟ್ಟೇನೂ ಇರಲಿಲ್ಲ. ಬನ್ನಿ ಗಿಡದ ನೆರಳಲ್ಲಿ ಕಂಬಳಿ ಹಾಸಿ, ಬಿಸಿಲು ಭಾಳ, ಇಲ್ಲೇ ಕುಂದ್ರು ಎಂದಳು, ಪರಊರಿಂದ ಬಂದ ಬೀಗರಿಗೆ ಹೇಳುವ ಹಾಗೆ. ಕುಳಿತೆ.