ಬೇವಿನ ಮರಕ್ಕೆ ಕಟ್ಟಿದ್ದ ಚಿರತೆ

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಿಜಾಮ ಸರ್ಕಾರದ ಅರಣ್ಯ ಇಲಾಖೆಯಲ್ಲಿ ನಾನು ಲಿಂಗಸುಗೂರಿನ ರೇಂಜರ್. ಸಿಂಧನೂರಿನ ರೇಂಜರ್ ರಾಚಪ್ಪ ಗಾರ್ಡ್ ಕೆಲಸದಿಂದ ಮೇಲೆ ಬಂದವನು. ನಾನು ಹೈದರಾಬಾದಿನಲ್ಲಿ ಬಿ.ಎ. ಮಾಡಿದವನು. ಈ ಅಂತರ ಅವನಿಗೆ ನೆನಪೂ ಇರುತ್ತಿರಲಿಲ್ಲ. ನನಗೆ ಮರೆಯುತ್ತಿರಲಿಲ್ಲ.

ಕಾಲೇಜಿನಲ್ಲಿದ್ದಾಗ ಅಮೆರಿಕದ ಒಬ್ಬ ಅಧ್ಯಕ್ಷನ ಜೀವನಚರಿತ್ರೆ ಓದಿ ಕನ್ನಡದಲ್ಲಿ ಟಿಪ್ಪಣಿ ಬರೆದಿಟ್ಟಿದ್ದೆ. ಬಾಲ್ಯದಲ್ಲಿ ಉಬ್ಬಸದಿಂದ ನರಳಿದವನು, ಕೆಲಕಾಲ ದನ ಸಾಕಿದ, ಬೇಟೆಯಾಡಿದ. ಅಧಿಕಾರ ಸಿಕ್ಕ ಮೇಲೆ ರೈಲು ಕಂಪನಿಗಳಿಗೆ ಮೂಗುದಾರ ಹಾಕಿದ, ಕಲಬೆರಕೆಯ ವಿರುದ್ಧ ಕಾನೂನು ತಂದ, ವಿಶಾಲವಾದ ಕಾಡುಗಳನ್ನು ಮೀಸಲಿಟ್ಟ. ರಾಚಪ್ಪ ಆ ಟಿಪ್ಪಣಿಯನ್ನು ಓದಲು ಕೇಳಿ ಒಯ್ದ.

ನಮ್ಮಿಬ್ಬರ ರೇಂಜುಗಳ ಗಡಿಯಲ್ಲಿದ್ದ ಮಸ್ಕಿ ಗುಡ್ಡದ ಒಂದು ಇಳಿಜಾರಿನಲ್ಲಿ ಸಸಿಗಳು ಬೆಳೆಯಲೆಂದು ಕುರಿ ಮೇಯಿಸುವುದನ್ನು ನಿಲ್ಲಿಸಬೇಕಿತ್ತು. ನಾನು ಎರಡು ಸಲ ಹುಕುಂ ಓದಿ ಹೇಳಿದರೂ ಕುರುಬರು ಕೇಳಿರಲಿಲ್ಲ. ರಾಚಪ್ಪ ಅವರ ಹಟ್ಟಿಯಲ್ಲಿ ಕುಳಿತು ಅಧ್ಯಕ್ಷನ ಕಥೆ ಹೇಳಿದ, ಕುರಿ ಬಿಡುವುದನ್ನು ನಿಲ್ಲಿಸಿಯೇಬಿಟ್ಟರು! ಕುರುಬರ ಹಿರಿಯ ಬೀರಪ್ಪ ನನ್ನನ್ನೇ ಕೇಳಿದ:

"ಅಂವಾ ದನಾ ಕಾಯ್ದಾಂವ ಅಂತಲ್ರೀ! ಅಂಥಾಂವ ಹೇಳಿದ್ರ ಕೇಳಬೇಕ್ರಿ. ನೀವ್ಯಾಕ ಇದನ್ನ ಮೊದ್ಲ ಹೇಳಲಿಲ್ಲ?"

ಟಿಪ್ಪಣಿ ನನ್ನದು, ಹೆಸರು ಅವನದು.

ಆ ಇಳಿಜಾರನ್ನು ನೋಡಲು ಜಿಲ್ಲೆಯ ಸಾಹೇಬರು ಬಂದ ಬೆಳಿಗ್ಗೆಯೇ, ಕುರಿ ಹಿಡಿಯುತ್ತಿದ್ದ ಚಿರತೆಯೊಂದು ಕುರುಬರ ಬಲೆಗೆ ಬಿದ್ದಿತ್ತು. ಮುಂಗಾಲು ಮುರಿದಿದ್ದ ಅದನ್ನು ಬೇವಿನ ಮರಕ್ಕೆ ಬಿಗಿದಿದ್ದರು. ಸಾಹೇಬರು ಇಳಿಜಾರಿನ ಸಸಿಗಳನ್ನು ನೋಡಿ "ಶಾಬಾಶ್, ರಾಚಪ್ಪ!" ಎಂದು ಅವನ ಬೆನ್ನು ತಟ್ಟಿದರು. ನನ್ನ ಸಲಾಮು ಅವರ ಕಣ್ಣಿಗೆ ಬೀಳಲಿಲ್ಲ. ಚಿರತೆಯನ್ನು ಹೊಡೆಯಲು ಬಂದೂಕು ತರಿಸಿದರು.

ನಾನು ಮುಂದೆ ನುಗ್ಗಿದೆ. ಆ ಅಧ್ಯಕ್ಷನ ಮುಂದೆಯೂ ಒಮ್ಮೆ ಕರಡಿಯನ್ನು ಮರಕ್ಕೆ ಕಟ್ಟಿದ್ದರೆಂದೂ, ಕಟ್ಟಿದ ಪ್ರಾಣಿಗೆ ಗುಂಡು ಹೊಡೆಯಲು ಆತ ಒಪ್ಪಲಿಲ್ಲವೆಂದೂ ಉರ್ದುವಿನಲ್ಲಿ ಹೇಳಿದೆ. ಸಾಹೇಬರು ಬಂದೂಕು ಇಳಿಸಿ, ಆಮೇಲೆ ಆ ಕರಡಿಯನ್ನು ಏನು ಮಾಡಿದರೆಂದು ಕೇಳಿದರು.

ಉತ್ತರ ನನಗೆ ಗೊತ್ತಿತ್ತು. ಆದರೆ ಅದನ್ನು ಹೇಳಿದರೆ ನನ್ನ ಮಾತಿನ ಮೆರುಗು ಅಲ್ಲಿಗೇ ಮುಗಿಯುತ್ತಿತ್ತು. "ಬಿಡಿಸಿದರು, ಹುಜೂರ್" ಎಂದೆ.

"ಹಂಗಲ್ಲೋ ಮಾರಾಯಾ!" ರಾಚಪ್ಪ ಕೂಗಿದ. "ಕರಡಿಗೆ ಗಾಯ ಆಗಿತ್ತು, ಅದರ ಸಂಕಟ ಮುಗಸ್ರಿ ಅಂದಿದ್ದ. ನೀನ ಬರದೀಯಲ್ಲೋ!"

"ಬಿ.ಎ. ಓದಿದಾಂವ ನೀನೋ, ನಾನೋ?" ಎನ್ನುತ್ತ, ಸಾಹೇಬರು ತಡೆಯುವ ಮೊದಲೇ, ಚಿರತೆಯ ಹಗ್ಗದ ಗಂಟನ್ನು ನಾನೇ ಸಡಿಲಿಸಿದೆ.

ಮುರಿದ ಕಾಲಿನ ಪ್ರಾಣಿ ಅಷ್ಟು ಎತ್ತರಕ್ಕೆ ನೆಗೆಯುತ್ತದೆಂದು ನಾನು ಎಣಿಸಿರಲಿಲ್ಲ. ಹಳದಿ ಬಣ್ಣ, ಬಿಸಿ ಉಸಿರು, ನನ್ನನ್ನು ಪಕ್ಕಕ್ಕೆ ನೂಕಿದ ಒಂದು ಕೈ. ಹಲ್ಲು ಇಳಿದದ್ದು ರಾಚಪ್ಪನ ಭುಜಕ್ಕೆ. ಜನ ಅಡ್ಡ ಇದ್ದುದರಿಂದ ಸಾಹೇಬರು ಗುಂಡು ಹಾರಿಸುವಂತಿರಲಿಲ್ಲ. ಬೀರಪ್ಪ ಹೆಗಲ ಕಂಬಳಿಯನ್ನು ಚಿರತೆಯ ತಲೆಗೆ ಬೀಸಿ ಅದರ ಮೇಲೆ ಬಿದ್ದ. ಉಳಿದವರ ಕೊಡಲಿಗಳು ಕೆಲಸ ಮುಗಿಸಿದವು.

ಲಿಂಗಸುಗೂರಿನ ದವಾಖಾನೆಯಲ್ಲಿ ರಾಚಪ್ಪನ ಜೀವ ಉಳಿಯಿತು. ಬಲಗೈ ಮತ್ತೆ ಮೇಲಕ್ಕೆ ಏಳಲಿಲ್ಲ. ನಾನು ಹೋದಾಗ ಕುರುಬರು ಹಾಲಿನ ಚರಿಗೆ ಹಿಡಿದು ಅವನ ಮಂಚದ ಸುತ್ತ ಕುಳಿತಿದ್ದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆಗಲೂ ನನ್ನ ಹೊಟ್ಟೆ ಉರಿಯಿತು.

"ಬಾರೋ ಬಿ.ಎ.," ಎಂದ. "ನಿನ್ನ ಟಿಪ್ಪಣಿ ತಲಿದಿಂಬಿನ ಕೆಳಗ ಐತಿ. ಒಯ್ದು ಇನ್ನೊಮ್ಮೆ ಓದು."

ಕರಡಿಯ ಸಂಕಟ ಮುಗಿಸಲು ಹೇಳಿದ ಸಾಲಿನ ಕೆಳಗೆ ಗೆರೆ ಇತ್ತು. ಕಾಲೇಜಿನ ದಿನಗಳಲ್ಲಿ ನಾನೇ ಎಳೆದದ್ದು.

ಗೊತ್ತಿರುವುದನ್ನು ಪೂರ್ತಿ ಹೇಳಬೇಕು, ಅದರಿಂದ ನಮ್ಮ ಮೆರುಗು ಕಡಿಮೆಯಾದರೂ ಸರಿ. ನೌಕರಿ ನನಗೆ ಕಲಿಸಿದ್ದು ಇಷ್ಟೇ. ಕಲಿತದ್ದು ನಾನು, ಕೈ ಹೋದದ್ದು ಅವನದು. ಈಗಲೂ ಎಲ್ಲಾದರೂ ಹಗ್ಗದ ಗಂಟು ಬಿಚ್ಚುವಾಗ ನನ್ನ ಬೆರಳುಗಳು ಅರ್ಧಕ್ಕೇ ನಿಲ್ಲುತ್ತವೆ.