ಬೆರ್ಚಪ್ಪನ ಜಾಗದಲ್ಲಿ ನಿಂತವನ ಹೇಳಿಕೆ

ನಾನು ನಿಂತಿದ್ದದ್ದು ಅರಕೆರೆಯ ನಾಲೆಯಿಂದ ಹದಿನಾಲ್ಕು ಹೆಜ್ಜೆ ಒಳಗೆ, ಕೆಂಪಮ್ಮನವರ ಗದ್ದೆಯ ಬದುವಿನ ಮೇಲೆ. ಕಳೆದ ಏಪ್ರಿಲ್ಲಿನ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ: ಮನೆಯಲ್ಲಿ ಯಾರೂ ನನ್ನನ್ನು ನಂಬುತ್ತಿಲ್ಲ.

ಹಾಡುವ ಹಕ್ಕಿಯ ಫೋಟೊ ತೆಗೆಯುವ ಹುಚ್ಚು ಹಿಡಿದು ಊರೂರು ಅಲೆದವನು ನಾನು. ಮೇಲುಕೋಟೆಯಲ್ಲಿ ಸಿಕ್ಕಿದ್ದು ಒಂದು ಪೊದೆ. ಸಿಂಧಘಟ್ಟದಲ್ಲಿ ಒಂದು ಬಾಲ. ನಾಗಮಂಗಲದಲ್ಲಿ ಹಕ್ಕಿ ಆಗತಾನೇ ಬಿಟ್ಟುಹೋದ ಕರೆಂಟು ತಂತಿ. ತಂತಿ ಮಾತ್ರ ಬಹಳ ಸ್ಪಷ್ಟವಾಗಿ ಬಂದಿದೆ.

"ಈ ಸಲಾನೂ ಹಕ್ಕಿ ಬರ್ಲಿಲ್ಲ ಅಂದ್ರೆ ಕ್ಯಾಮೆರಾ ಅಟ್ಟಕ್ಕೆ ಕಣ್ರೀ," ಎಂದು ಹೆಂಡತಿ ತೀರ್ಪು ಕೊಟ್ಟಿದ್ದಳು.

ಕೆಂಪಮ್ಮನವರ ಬೆರ್ಚಪ್ಪನ ತಲೆಯ ಮೇಲೆ ದಿನಾ ಬೆಳಿಗ್ಗೆ ಒಂದು ಮಡಿವಾಳ ಹಕ್ಕಿ ಕೂತು ಹಾಡುತ್ತದೆಂದು ಹೇಳಿ, ಶ್ರೀರಂಗಪಟ್ಟಣದಿಂದ ನನ್ನನ್ನು ಆಟೊದಲ್ಲಿ ಕರೆತಂದವನು ಬಶೀರ್. ಹಕ್ಕಿ ಓಡಿಸಲೆಂದು ನಿಲ್ಲಿಸಿದವನೇ ಹಕ್ಕಿಗೆ ಪೀಠವಾಗಿದ್ದ! ಕಂಡ ಕೂಡಲೇ ಆತ್ಮೀಯನೆನಿಸಿದ. ಕಚೇರಿಯಲ್ಲಿ ನಾನೂ ಮೂವತ್ತು ವರ್ಷ ಹೀಗೆಯೇ ನಿಂತವನು.

ತೊಂದರೆ ಒಂದೇ. ಬೆರ್ಚಪ್ಪನ ಬೆನ್ನಿಗೆ ಸೂರ್ಯನಿದ್ದ, ಫೋಟೊ ಕಪ್ಪಾಗುತ್ತಿತ್ತು. ಕೆಂಪಮ್ಮನವರನ್ನು ಕಾಡಿಬೇಡಿ ಅವನನ್ನು ಕಿತ್ತು, ಬಿಸಿಲು ಮುಖಕ್ಕೆ ಬೀಳುವಂತೆ ಹತ್ತು ಹೆಜ್ಜೆ ಆಚೆ ನೆಡಿಸಿದೆ. ಹಕ್ಕಿಗೆ ಅನುಮಾನ ಬಾರದಿರಲೆಂದು ಹರಕು ಅಂಗಿ, ಹುಲ್ಲಿನ ಟೋಪಿ ಹಾಕಿಕೊಂಡು, ಅವನು ತೆರವು ಮಾಡಿದ ಜಾಗದಲ್ಲಿ ನಾನು ನಿಂತೆ.

ಹಕ್ಕಿಗೆ ಬೆರ್ಚಪ್ಪ ಯಾರಾದರೇನು? ಅದಕ್ಕೆ ಜಾಗ ಮುಖ್ಯ. ಬಂತು, ನನ್ನ ಟೋಪಿಯ ಮೇಲೆ ಕೂತಿತು, ಹಾಡತೊಡಗಿತು.

"ಅಲ್ಲಾಡ್‌ಬ್ಯಾಡಿ ಸ್ವಾಮಿ, ತಲೆ ಮ್ಯಾಲೇ ಕುಂತದೆ!" ಎಂದು ಕೆಂಪಮ್ಮ ಪಿಸುಗುಟ್ಟಿದರು.

"ಫೋಟೊ ತಗೀರಿ ಸಾರ್, ಬೇಗ!" ಎಂದ ಬಶೀರ್. ಅವನ ಫೋನು ಆಟೊದಲ್ಲಿತ್ತು.

"ಎಂಗ್ಲಾ ತಗೆದಾರು? ಅವ್ರ ಕಣ್ಣೇನು ನೆತ್ತಿ ಮ್ಯಾಲವಾ?"

ನಾನು ಅಲ್ಲಾಡಲಿಲ್ಲ. ಕಣ್ಣನ್ನು ಮಾತ್ರ ಕೆಳಗಿಳಿಸಿದೆ. ಬದುವಿನ ಮೇಲೆ ನನ್ನ ನೆರಳು ಉದ್ದಕ್ಕೆ ಬಿದ್ದಿತ್ತು. ಅದರ ಟೋಪಿಯ ಮೇಲೆ ಬಾಲ ನಿಗುರಿಸಿದ, ಕೊಕ್ಕು ತೆರೆದ ಇನ್ನೊಂದು ಪುಟ್ಟ ನೆರಳು. ಎದೆಗೆ ಹಿಡಿದಿದ್ದ ಕ್ಯಾಮೆರಾವನ್ನು ಮೆಲ್ಲಗೆ ಅದರತ್ತ ಬಾಗಿಸಿ ಒಮ್ಮೆ ಒತ್ತಿದೆ. ಆ ಸದ್ದಿಗೆ ಹಕ್ಕಿ ಹಾರಿತು.

ಹೆಂಡತಿ ಫೋಟೊವನ್ನು ಅಡ್ಡ ಹಿಡಿದಳು, ಉದ್ದ ಹಿಡಿದಳು. "ತಲೆ ಮೇಲೆ ಇದೇನ್ರೀ, ಮಡಕೆ ಚೂರಾ?" ಎಂದಳು. ಕ್ಯಾಮೆರಾ ಸದ್ಯ ಅಟ್ಟದ ಏಣಿಯ ಮೊದಲ ಮೆಟ್ಟಿಲ ಮೇಲಿದೆ; ವಿಚಾರಣೆ ಮುಗಿದಿಲ್ಲ.

ಟೋಪಿಯ ಮೇಲೆ ಹಕ್ಕಿ ಹಾಕಿಹೋದ ಬಿಳಿ ರುಜುವನ್ನು ನಾನು ತೊಳೆದಿಲ್ಲ. ಕಣ್ಣಾರೆ ಕಂಡ ಕೆಂಪಮ್ಮ, ಬಶೀರ್ ಇಬ್ಬರೂ ಕ್ಷೇಮವಾಗಿದ್ದಾರೆ, ಕೇಳಬಹುದು. ಮೂರನೆಯವನು ಬೆರ್ಚಪ್ಪ. ಅವನು ಬದುಕಿದ್ದಾನೆಂದು ಪ್ರಮಾಣ ಮಾಡಲಾರೆ; ಆದರೆ ಅವನ ಮುಖ ನನ್ನ ಕಡೆಗೇ ಇತ್ತು.